ಭೂಪಟದಲ್ಲಿ ನಮ್ಮ ಊರು

ಭೂಪಟ ತಯಾರಿಸುವುದು ತಜ್ಞರ ಕೆಲಸ, ನಮಗೇಕೆ ಅದರ ಗೊಡವೆ ಎಂದು ನಾವು ಸುಮ್ಮನಿರುತ್ತೇವೆ. ಆದರೆ ಅದರ ಒಂದು ಗೆರೆಯಲ್ಲಿ ನಮ್ಮ ತೋಟ, ಮನೆ, ಮಕ್ಕಳ ನಾಳೆ ಎಲ್ಲವೂ ಅಡಗಿರಬಹುದು.

ಪಶ್ಚಿಮ ಘಟ್ಟದ ಅಧ್ಯಯನಕ್ಕೆ ಕೇಂದ್ರ ಸರ್ಕಾರ 2010ರಲ್ಲಿ ಪ್ರೊ. ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ಸಮಿತಿಯು ಇಡೀ ಘಟ್ಟವನ್ನು ಸುಮಾರು 9 ಕಿಲೋಮೀಟರ್ ಉದ್ದಗಲದ 2,200ರಷ್ಟು ಚೌಕಗಳಾಗಿ ವಿಂಗಡಿಸಿತು. ಇಳಿಜಾರು, ಎತ್ತರ, ಕಾಡು, ಅಪರೂಪದ ಜೀವಿಗಳು, ಹೀಗೆ ಒಂದೊಂದಕ್ಕೂ ಅಂಕ ಕೊಟ್ಟು, ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯ ಗುರುತಿಸಿತು. 2011ರ ಆ ವರದಿಯಲ್ಲಿ ವಯನಾಡಿನ ವೈತಿರಿ ತಾಲ್ಲೂಕು ಅತಿ ಸೂಕ್ಷ್ಮವಾದ ಮೊದಲ ವಲಯದಲ್ಲಿತ್ತು.

ಈ ಗೆರೆಗಳೇ ಅಂತಿಮವಲ್ಲ, ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಬೇಕು ಎಂದೂ ಸಮಿತಿ ಹೇಳಿತ್ತು. ಆದರೆ ಚರ್ಚೆಗಿಂತ ಮೊದಲು ಭಯ ಮನೆಮನೆ ತಲುಪಿತು. ಜಮೀನು ಹೋಗುತ್ತದೆ, ಒಕ್ಕಲೆಬ್ಬಿಸುತ್ತಾರೆ ಎಂಬ ಮಾತು ಹಬ್ಬಿತು. 2012ರಲ್ಲಿ ಡಾ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಬಂತು; ಮೊದಲ ವರದಿ ಮೂಲೆ ಸೇರಿತು.

2024ರ ಜುಲೈ 30ರ ನಸುಕಿನಲ್ಲಿ ಅದೇ ವೈತಿರಿ ತಾಲ್ಲೂಕಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. 200ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ವರದಿಯೊಂದೇ ಇದನ್ನು ತಡೆಯುತ್ತಿತ್ತು ಎನ್ನಲಾಗದು. ಮಳೆ ಅಷ್ಟು ಸುರಿದಿತ್ತು. ಆದರೆ ಎಚ್ಚರಿಕೆಯ ಮಾತನ್ನು ಎಲ್ಲರೂ ಕೂತು ಓದಬಹುದಿತ್ತು.

ತಜ್ಞರಿಗೆ ಚೌಕ ಗೊತ್ತು. ಆ ಚೌಕದೊಳಗೆ ಯಾವ ತೊರೆ ದಿಕ್ಕು ಬದಲಿಸಿದೆ, ಎಲ್ಲಿ ಗುಡ್ಡ ಬಿರುಕು ಬಿಟ್ಟಿದೆ ಎಂಬುದು ನಮ್ಮ ಹಿರಿಯರಿಗೆ ಗೊತ್ತು. ಇವೆರಡೂ ಒಂದೇ ಭೂಪಟದಲ್ಲಿ ಸೇರಬೇಕು. ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಹೋಗೋಣ. ಭೂಪಟ ಕೇಳಿ ನೋಡೋಣ. ನಮಗೆ ತಿಳಿದದ್ದನ್ನು ಹೇಳೋಣ.