ದವಡೆಯಲ್ಲಿ ಸುರುಳಿ ಗರಗಸ

ಹೆಲಿಕೋಪ್ರಿಯಾನ್ ಸುಮಾರು 29ರಿಂದ 27 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕಡಲುಗಳಲ್ಲಿ ಬದುಕಿದ್ದ ಮೃದ್ವಸ್ಥಿ ಮೀನು. ಶಾರ್ಕ್, ತೊರಕೆಗಳಂತೆ ಇದಕ್ಕೂ ಮೂಳೆಯಿರಲಿಲ್ಲ. ಮೃದ್ವಸ್ಥಿ ಕೊಳೆತು ಹೋಗುವುದರಿಂದ ಉಳಿದದ್ದು ಹೆಚ್ಚಾಗಿ ಹಲ್ಲು ಮಾತ್ರ. ಆ ಹಲ್ಲುಗಳೋ, ಮರದ ಮಿಲ್ಲಿನ ದುಂಡು ಗರಗಸದ ಹಾಗೆ ಸುರುಳಿಯಾಗಿ ಸುತ್ತಿಕೊಂಡಿವೆ.

1899ರಲ್ಲಿ ಇದಕ್ಕೆ ಹೆಸರಿಟ್ಟವರು ರಷ್ಯಾದ ಭೂವಿಜ್ಞಾನಿ ಅಲೆಕ್ಸಾಂಡರ್ ಕಾರ್ಪಿನ್ಸ್ಕಿ. ಉರಲ್ ಸೀಮೆಯಲ್ಲಿ ಸಿಕ್ಕ ಸುರುಳಿಯನ್ನು ಅವರು ಮೀನಿನ ಮೂತಿಯ ಮೇಲಕ್ಕೆ ಸುತ್ತಿದಂತೆ ಕಲ್ಪಿಸಿಕೊಂಡರು. ಆಮೇಲೆ ಅದು ಬೆನ್ನಿನ ಈಜುರೆಕ್ಕೆಗೂ ಹೋಯಿತು, ಬಾಲಕ್ಕೂ ಹೋಯಿತು. ಬರೀ ಹಲ್ಲು ನೋಡಿ ಇಡೀ ಮೀನನ್ನು ಊಹಿಸಬೇಕಾದವರನ್ನು ದೂರುವಂತಿಲ್ಲ.

ಒಗಟು ಬಿಡಿಸಿದ್ದು ಅಮೆರಿಕದ ಐಡಹೋ ರಾಜ್ಯದ ಫಾಸ್ಫೇಟ್ ಗಣಿಯೊಂದರಲ್ಲಿ 1950ರಲ್ಲಿ ದೊರೆತ ಕಲ್ಲು. ಸುರುಳಿಯ ಅಗಲ ಸುಮಾರು 23 ಸೆಂಟಿಮೀಟರ್, ಹಲ್ಲುಗಳು 117. ಅದಕ್ಕಿಂತ ಅಮೂಲ್ಯವಾದದ್ದು ಹಲ್ಲಿನ ಸುತ್ತ ಉಳಿದುಕೊಂಡಿದ್ದ ದವಡೆಯ ಮೃದ್ವಸ್ಥಿ. 1966ರಲ್ಲಿ ಸಂಶೋಧಕ ಬೆಂಡಿಕ್ಸ್-ಆಲ್ಮ್‌ಗ್ರೀನ್ ಇದನ್ನು ವರ್ಣಿಸಿದರಾದರೂ, ಕಲ್ಲಿನೊಳಗಿನ ಭಾಗ ಪೂರ್ತಿ ಕಂಡದ್ದು ವಿಜ್ಞಾನಿ ಲೀಫ್ ತಪನಿಲ ಮತ್ತು ಸಂಗಡಿಗರು ಸಿ.ಟಿ. ಸ್ಕ್ಯಾನ್ ಮಾಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದಾಗ. ಸುರುಳಿ ಇದ್ದದ್ದು ಕೆಳದವಡೆಯ ನಡುವೆ, ದವಡೆಯ ಉದ್ದಕ್ಕೂ. ಮೇಲ್ದವಡೆಯಲ್ಲಿ ಇದಕ್ಕೆ ಜೋಡಿಯಾಗುವ ಸುರುಳಿ ಇರಲಿಲ್ಲ.

ಸುರುಳಿ ಬೆಳೆದ ಬಗೆಯೇ ಇಲ್ಲಿನ ಸೊಗಸು. ಶಾರ್ಕಿನ ಹಳೆಯ ಹಲ್ಲು ಉದುರುತ್ತದೆ. ಹೆಲಿಕೋಪ್ರಿಯಾನ್ ಒಂದನ್ನೂ ಉದುರಿಸಲಿಲ್ಲ. ದೊಡ್ಡ ಹೊಸ ಹಲ್ಲು ಹಿಂದಿನಿಂದ ಮೂಡಿದಂತೆ ಹಳೆಯವು ಮುಂದೆ ಸರಿದು, ಬಾಗಿ, ದವಡೆಯೊಳಗೆ ಹುದುಗುತ್ತಿದ್ದವು. ಹೀಗಾಗಿ ಮರಿಯಾಗಿದ್ದಾಗಿನ ಪುಟ್ಟ ಹಲ್ಲುಗಳು ಸುರುಳಿಯ ಒಡಲಲ್ಲಿ ಹಾಗೆಯೇ ಇವೆ. ಬಾಯಿ ಮುಚ್ಚುವಾಗ ಹಲ್ಲುಗಳು ಹಿಂದಕ್ಕೆ ಹೊರಳುವಂತೆ ಚಲಿಸಿ, ಹಿಡಿದದ್ದನ್ನು ಕೊಯ್ಯುತ್ತ ಗಂಟಲಿನತ್ತ ದೂಡುತ್ತಿದ್ದವು. ಹಲ್ಲಿನಲ್ಲಿ ಸವೆತ ಕಾಣದ್ದರಿಂದ ಬೇಟೆ ಬೊಂಡಾಸ್‌ನಂಥ ಮೆತ್ತನೆಯ ಮೈಯವೇ ಇರಬೇಕು. ಏಳೆಂಟು ಮೀಟರ್ ಉದ್ದವಿತ್ತೆಂಬ ಅಂದಾಜನ್ನು ಮಾತ್ರ ಎಚ್ಚರದಿಂದ ನೋಡಬೇಕು. ತಲೆಯಿಂದಾಚೆಗಿನ ದೇಹ ಈವರೆಗೆ ಸಿಕ್ಕಿಲ್ಲ.

ಜನಪ್ರಿಯ ಚಿತ್ರಗಳು ಇದನ್ನು ಶಾರ್ಕ್ ಆಗಿಸಿವೆ. ಆದರೆ ದವಡೆಯ ರಚನೆ ತೋರಿಸುವ ನಂಟು ಕೈಮೀರಾ ಎಂಬ ಮೃದ್ವಸ್ಥಿ ಮೀನುಗಳದ್ದು. ಈ ಕವಲು ಶಾರ್ಕಿನ ವಂಶದಿಂದ ಬೇರೆಯಾಗಿ 40 ಕೋಟಿ ವರ್ಷಗಳೇ ಆಗಿವೆ. ಇಂದಿನ ಕೈಮೀರಾಗಳ ಮೇಲ್ದವಡೆ ತಲೆಬುರುಡೆಗೆ ಬೆಸೆದುಕೊಂಡಿದೆ. ಕಿವಿರಿನ ಸೀಳುಗಳನ್ನು ಒಂದೇ ಮುಚ್ಚಳ ಕಾಯುತ್ತದೆ. ಬಾಯಲ್ಲಿ ಸಾಲುಹಲ್ಲಿನ ಬದಲು ಬೆಳೆಯುತ್ತಲೇ ಇರುವ ಮೂರು ಜೊತೆ ಹಲ್ಲಿನ ಫಲಕಗಳಿವೆ. ಹೆಚ್ಚಿನವು ಆಳಸಮುದ್ರವಾಸಿಗಳು. ಅರಬ್ಬಿ ಸಮುದ್ರದಲ್ಲಿ ಉದ್ದಮೂತಿಯ ನಿಯೋಹ್ಯಾರಿಯೊಟ್ಟಾ ಎಂಬ ಕೈಮೀರಾ ಇದೆ, ಕೇರಳದ ಆಳಸಮುದ್ರ ಟ್ರಾಲ್ ಬೋಟುಗಳ ಬಲೆಗೂ ಬೀಳುತ್ತದೆ. ಆಸ್ಟ್ರೇಲಿಯಾದ ದಕ್ಷಿಣ ಕಡಲಿನ ಆನೆಮೂತಿಯ ಕೈಮೀರಾದ ಜೀನೋಮ್ 2014ರಲ್ಲಿ ಪ್ರಕಟವಾಯಿತು. ಮೂಳೆ ಕಟ್ಟುವುದಕ್ಕೆ ಬೇಕಾದ ಜೀನ್‌ಗಳ ಒಂದು ಗುಂಪು ಅದರಲ್ಲಿಲ್ಲ.