ಹೆರಿಗೆ ಮನೆಯ ನಕಾಶೆ ಯಾರನ್ನು ಕೇಳಿ ಬರೆದದ್ದು?

ಹೆರಿಗೆ ಆಸ್ಪತ್ರೆಗೆ ಶಂಕುಸ್ಥಾಪನೆಯಾಗುವಾಗ ಅಡಿಗಲ್ಲಿನ ಮೇಲೆ ಮಂತ್ರಿಗಳ ಹೆಸರನ್ನು ಕೆತ್ತುತ್ತಾರೆ. ದಾನಿಗಳ ಹೆಸರನ್ನೂ ಕೆತ್ತುತ್ತಾರೆ. ಒಮ್ಮೊಮ್ಮೆ ಕಂತ್ರಾಟುದಾರರ ಹೆಸರಿಗೂ ಸ್ಥಳ ದೊರೆಯುವುದುಂಟು. ಆದರೆ ಆ ಕಟ್ಟಡದೊಳಗೆ ಹೆರಬೇಕಾದ ಹೆಂಗಸನ್ನು, ಹೆರಿಸಬೇಕಾದ ವೈದ್ಯರನ್ನು, ರಾತ್ರಿಯಿಡೀ ಬಾಗಿಲ ಬಳಿ ಕಾದು ನಿಲ್ಲಬೇಕಾದ ತಾಯಿಯನ್ನೋ ಗಂಡನನ್ನೋ ನಕಾಶೆ ಬರೆಯುವ ಮೊದಲು ಯಾರಾದರೂ ಒಂದು ಮಾತು ಕೇಳಿದರೇ ಎಂಬ ಪ್ರಶ್ನೆ ಯಾವ ಸಮಾರಂಭದಲ್ಲಿಯೂ ಏಳುವುದಿಲ್ಲ. ಆ ಪ್ರಶ್ನೆಯನ್ನು ಇಂದು ನಾವು ಓದುಗರ ಮುಂದಿಡುತ್ತಿದ್ದೇವೆ. ಊರು ಬಿಟ್ಟು ಮುಂಬಯಿ, ಪುಣೆಗಳಲ್ಲಿ ಹೊಟ್ಟೆ ಹೊರೆಯುವ ನಮ್ಮವರಿಗೆ ಇದು ಉಳಿದವರಿಗಿಂತಲೂ ಹತ್ತಿರದ ವಿಷಯ. ಏಕೆಂಬುದನ್ನು ಮುಂದೆ ಹೇಳುವೆವು.

ಹೋಟೆಲಿನ ಗಲ್ಲಾದ ಹಿಂದೆ ವರ್ಷಗಟ್ಟಲೆ ಕುಳಿತ ನಮಗೆ ಈ ಮಾತು ಹೊಸದಲ್ಲ. ಭಟ್ಟರನ್ನು ಕೇಳದೆ ಕಟ್ಟಿಸಿದ ಅಡಿಗೆಮನೆಗಳನ್ನು ನಾವು ಕಂಡಿದ್ದೇವೆ. ದೋಸೆಯ ಕಾವಲಿ ಒಂದು ಮೂಲೆಯಲ್ಲಿ, ಹಿಟ್ಟು ರುಬ್ಬುವ ಯಂತ್ರ ಇನ್ನೊಂದು ಮೂಲೆಯಲ್ಲಿ. ಎಂಜಲು ತಟ್ಟೆ ಹೊತ್ತ ಹುಡುಗನೂ ಬಿಸಿ ಸಾಂಬಾರು ಹಿಡಿದ ಸಪ್ಲಾಯರನೂ ಒಂದೇ ಕಿರುಬಾಗಿಲಿನಲ್ಲಿ ಎದುರುಬದುರು. ನೆಲಕ್ಕೆ ಹಾಸಿದ ನುಣುಪು ಕಲ್ಲು ನೋಡಲು ಚೆಂದ. ಎಣ್ಣೆ ಬಿದ್ದ ಗಳಿಗೆಯಿಂದ ಅದರ ಮೇಲೆ ಕಾಲು ನಿಲ್ಲದು. ನಕಾಶೆ ಬರೆದ ಇಂಜಿನಿಯರು ದಡ್ಡರೇನಲ್ಲ. ಬೆಳಗಿನ ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಅವರು ಎಂದೂ ಅಡಿಗೆಮನೆಯಲ್ಲಿ ನಿಂತವರಲ್ಲ, ಅಷ್ಟೆ. ಹೋಟೆಲಿನಲ್ಲಿ ಇಂತಹ ಕಟ್ಟಡದಿಂದ ಕೈ ಸುಡುತ್ತದೆ, ಗಿರಾಕಿ ಎದ್ದು ಹೋಗುತ್ತಾನೆ. ಹೆರಿಗೆ ಮನೆಯಲ್ಲಿ ಹೋಗುವುದು ಜೀವ.

ಇದು ಉತ್ಪ್ರೇಕ್ಷೆಯ ಮಾತಲ್ಲ. 1840ರ ದಶಕದಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ದಿನ ಬಿಟ್ಟು ದಿನ ಸರದಿಯ ಮೇಲೆ ಬಸುರಿಯರನ್ನು ಸೇರಿಸಿಕೊಳ್ಳುವ ಪದ್ಧತಿ. ಮೊದಲನೆಯ ವಿಭಾಗದಲ್ಲಿ ಬಾಣಂತಿ ಜ್ವರಕ್ಕೆ ತುತ್ತಾಗಿ ನೂರಕ್ಕೆ ಸುಮಾರು ಹತ್ತು ಮಂದಿ ಸಾಯುತ್ತಿದ್ದರೆ ಎರಡನೆಯದರಲ್ಲಿ ನಾಲ್ಕು ಮಂದಿ. ಇದು ಊರಿನ ಹೆಂಗಸರಿಗೆಲ್ಲ ತಿಳಿದಿತ್ತು. ಮೊದಲನೆಯ ವಿಭಾಗದ ಸರದಿ ಬಂದವರು ಮೊಣಕಾಲೂರಿ ತಮ್ಮನ್ನು ಅಲ್ಲಿಗೆ ಕಳುಹಿಸಬೇಡಿರೆಂದು ಬೇಡಿಕೊಳ್ಳುತ್ತಿದ್ದರು. ಅಧಿಕಾರಿಗಳು ಇದನ್ನು ಹೆಂಗಸರ ಅಂಜಿಕೆಯೆಂದು ಬಗೆದರು. ಕೊನೆಗೆ ಸೆಮ್ಮಲ್‌ವೈಸ್ ಎಂಬ ಯುವ ವೈದ್ಯರು ಎರಡೂ ಕಡೆಯ ವ್ಯತ್ಯಾಸವನ್ನು ಒಂದೊಂದಾಗಿ ಪರೀಕ್ಷಿಸಿದರು. ಹೆಣ ಕೊಯ್ಯುವ ಕೋಣೆಯಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುವವರ ಕೈಗಳೇ ವಿಷವನ್ನು ಹೊತ್ತು ತರುತ್ತಿವೆಯೆಂದು ಕಂಡುಕೊಂಡು, 1847ರ ಮೇ ತಿಂಗಳಿನಲ್ಲಿ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಕಾರಣವನ್ನು ಹುಡುಕುವ ವಿದ್ಯೆ ವೈದ್ಯರಲ್ಲಿತ್ತು, ನಿಜ. ಆದರೆ ಎಲ್ಲಿ ಹುಡುಕಬೇಕೆಂಬುದನ್ನು ಆ ಹೆಂಗಸರು ವರ್ಷಗಳಿಂದ ಕೈಜೋಡಿಸಿ ಹೇಳುತ್ತಲೇ ಇದ್ದರು.

ನಮ್ಮ ಮುಂಬಯಿಯಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವುಂಟು. ಮನೆಯ ಹೆಂಗಸರನ್ನು ಪರಪುರುಷ ವೈದ್ಯರ ಕೈಗೆ ಒಪ್ಪಿಸಲು ಕುಟುಂಬಗಳು ಒಪ್ಪದಿದ್ದ ಕಾಲದಲ್ಲಿ, ಆ ಸಂಕೋಚವನ್ನು ಹಳಿಯದೆ ಅದನ್ನೇ ಲೆಕ್ಕಕ್ಕೆ ತೆಗೆದುಕೊಂಡು, ಸ್ತ್ರೀ ವೈದ್ಯರ ಆಡಳಿತದಲ್ಲಿ 1886ರಲ್ಲಿ ಕಾಮಾ ಆಸ್ಪತ್ರೆಯನ್ನು ತೆರೆದರು. 1926ರಲ್ಲಿ ಗಿರಣಿ ಕೆಲಸಗಾರರು ತುಂಬಿದ್ದ ಪರೇಲಿನಲ್ಲಿಯೇ ವಾಡಿಯಾ ಪ್ರಸೂತಿ ಆಸ್ಪತ್ರೆ ಎದ್ದಿತು. ಬರುವವರು ಯಾರು, ಎಲ್ಲಿಂದ ಬರುತ್ತಾರೆ, ಏಕೆ ಹಿಂಜರಿಯುತ್ತಾರೆ ಎಂಬುದನ್ನು ಅರಿತು ಕಟ್ಟುವುದೆಂದರೆ ಇದು.

ಇನ್ನು ಇಂದಿನ ಮಾತು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆರಿಗೆಗಳ ಪೈಕಿ ನೂರಕ್ಕೆ 38.7ರಷ್ಟು ಮಾತ್ರ ಆಸ್ಪತ್ರೆಗಳಲ್ಲಾಗಿದ್ದವು. 2019–21ರ ಸಮೀಕ್ಷೆಯಲ್ಲಿ ಅದು 88.6ಕ್ಕೆ ಏರಿತು. ಲಕ್ಷ ಹೆರಿಗೆಗೆ 254ರಷ್ಟಿದ್ದ ತಾಯಂದಿರ ಮರಣ (2004–06) 97ಕ್ಕೆ (2018–20) ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಹೆಂಗಸರನ್ನು ಮನೆಯಿಂದ ಆಸ್ಪತ್ರೆಗೆ ಕರೆತಂದಷ್ಟು ಬೇಗನೆ ಆಸ್ಪತ್ರೆಯನ್ನು ಹೆಂಗಸರಿಗೆ ಒಗ್ಗುವಂತೆ ಮಾಡಲಾಗಲಿಲ್ಲ. ಸಾಲಾಗಿ ಇಟ್ಟ ಮೇಜುಗಳು, ನಡುವೆ ತೆರೆಯಿಲ್ಲದ ಕೋಣೆ, ದೂರದಲ್ಲೆಲ್ಲೋ ಒಂದು ಕಕ್ಕಸು, ನೋವು ತಿನ್ನುತ್ತಿರುವವಳು ನಾಲ್ಕು ಹೆಜ್ಜೆ ನಡೆದಾಡಲೂ ತೆರಪಿಲ್ಲದ ಇಕ್ಕಟ್ಟು. ನೋವಿನ ಮೊದಲ ಹಂತದಲ್ಲಿ ಎದ್ದು ಓಡಾಡುವವರಿಗೆ ಆ ಹಂತ ಒಂದು ಗಂಟೆಗೂ ಮಿಕ್ಕಿ ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಓಡಾಡಲು ನೆಲವೇ ಇಲ್ಲದ ಮೇಲೆ ಆ ಜ್ಞಾನದಿಂದ ಏನು ಪ್ರಯೋಜನ?

ಇದನ್ನು ಮನಗಂಡೇ 2016ರಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯವು ಹೆರಿಗೆಯ ವೇಳೆ ಜತೆಗೊಬ್ಬ ಸಂಗಾತಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಟ್ಟಿತು. ನೋವಿನಿಂದ ಹಿಡಿದು ಹೆತ್ತು ಚೇತರಿಸುವವರೆಗೆ ಒಂದೇ ಕೊಠಡಿಯಲ್ಲಿ ಇರಿಸುವ ಏರ್ಪಾಡನ್ನೂ ಅದೇ ವರ್ಷ ಸೂಚಿಸಿತು. 2017ರ ಡಿಸೆಂಬರಿನಲ್ಲಿ ಹೆರಿಗೆ ಕೊಠಡಿಗಳ ಸುಧಾರಣೆಗೆಂದೇ 'ಲಕ್ಷ್ಯ' ಯೋಜನೆ ಬಂತು. ಸಂಗಾತಿಯ ವಿಷಯದಲ್ಲಿ ನಿಯಮಗಳು ಹೀಗಿವೆ: ಆಕೆ ತಾನೂ ಹೆತ್ತವಳಾಗಿರಬೇಕು, ಅಂಟುರೋಗವಿರಕೂಡದು, ಮಡಿಬಟ್ಟೆ ಉಟ್ಟಿರಬೇಕು, ಕೊನೆಯ ತನಕ ಜತೆಗಿರಬೇಕು, ಆಸ್ಪತ್ರೆಯವರ ಕೆಲಸದಲ್ಲಿ ಕೈಹಾಕಬಾರದು. ಗಂಡನಿಗೂ ಪ್ರವೇಶ ಉಂಟು, ಆದರೆ ಕೊಠಡಿಯಲ್ಲಿ ಇತರ ಹೆಂಗಸರ ಮರೆಗೆ ಭಂಗ ಬಾರದಂತಹ ಏರ್ಪಾಡಿದ್ದಲ್ಲಿ ಮಾತ್ರ.

ಈ ಕೊನೆಯ ಷರತ್ತಿನ ಮೇಲೆ ನಮ್ಮ ಓದುಗರು ಗಮನವಿಡಬೇಕು. ಊರಿನಲ್ಲಾದರೆ ಬಸುರಿಯ ಸುತ್ತ ಅಮ್ಮ, ಅತ್ತೆ, ಅತ್ತಿಗೆ, ನೆರೆಮನೆಯ ಹಿರಿಯರು ಇರುತ್ತಾರೆ. ಚೊಚ್ಚಲು ಹೆರಿಗೆಗೆ ತವರಿಗೆ ಕಳುಹಿಸುವುದು ವಾಡಿಕೆ. ಎರಡನೆಯದಕ್ಕೆ, ಮೊದಲ ಮಗುವಿನ ಶಾಲೆ ಇರುವಾಗ, ಅಷ್ಟು ಸುಲಭವಲ್ಲ. ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಒಂದು ಕೋಣೆಯ ಸಂಸಾರ. ಗಂಡ ಹೋಟೆಲಿನಲ್ಲಿ, ರಜೆಯೆಂದರೆ ಸಂಬಳ ಖೋತಾ. ಹೆಂಡತಿ ಕುಂದಾಪುರದ ಕಡೆಯವಳು. ಬಾಯಲ್ಲಿ ಬರುವುದು ಕನ್ನಡ ಒಂದೇ. ನೋವಿನ ಹೊತ್ತಿನಲ್ಲಿ ದಾದಿ ಮರಾಠಿಯಲ್ಲಿ "ಆತಾ ಜೋರ್ ಲಾವೂ ನಕೋ" ಎಂದರೆ ಈಕೆಯ ಕಿವಿಗೆ ಬೀಳುವುದು 'ಜೋರು' ಎಂಬ ಒಂದೇ ಪದ. ಈಗ ಮುಕ್ಕಬೇಡ ಎಂದದ್ದನ್ನು ಮುಕ್ಕು ಎಂದು ತಿಳಿದರೆ ತಪ್ಪು ಯಾರದು? ದಾದಿಯದಲ್ಲ, ಹೆರುವವಳದೂ ಅಲ್ಲ. ಎರಡೂ ಭಾಷೆ ಬಲ್ಲ ಒಬ್ಬನೇ ಒಬ್ಬ ಮನುಷ್ಯ ಗೇಟಿನ ಹೊರಗೆ ಕಾವಲುಗಾರನ ಸ್ಟೂಲಿನ ಪಕ್ಕದಲ್ಲಿ ನಿಂತಿದ್ದಾನೆ. ಅವನನ್ನು ಒಳಗೆ ಬಿಡುವಂತೆ ಸರಕಾರದ ನಿಯಮವುಂಟು; ಬಿಡಲಾಗದಂತೆ ಕಟ್ಟಡ ಉಂಟು. ಎರಡು ಮೇಜುಗಳ ನಡುವೆ ಒಂದು ತೆಳುಗೋಡೆ, ಅಥವಾ ಎಳೆದು ಮುಚ್ಚುವ ಒಂದು ಪರದೆ, ಅವನು ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸುತ್ತದೆ. ಜತೆಗಾರರಿಂದ ಏನು ಲಾಭವೆಂದು ಕೇಳುವವರೂ ಇದ್ದಾರೆ. 17 ದೇಶಗಳ 26 ಅಧ್ಯಯನಗಳನ್ನು, 15,000ಕ್ಕೂ ಮಿಕ್ಕಿದ ಹೆಂಗಸರ ಅನುಭವವನ್ನು ಕೂಡಿಸಿ ನೋಡಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಎಡೆಬಿಡದೆ ಒಬ್ಬರು ಜತೆಗಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಅವಧಿಯೂ ತಗ್ಗುತ್ತದೆ.

ಹಾಗೆಂದು ವೈದ್ಯರನ್ನು ಬದಿಗೊತ್ತಿ ಮನೆಯವರು ಹೇಳಿದಂತೆಯೇ ಕಟ್ಟಬೇಕೆಂಬುದು ನಮ್ಮ ವಾದವಲ್ಲ. ರಕ್ತಸ್ರಾವ ಆರಂಭವಾದರೆ ನಿಮಿಷಗಳ ಲೆಕ್ಕ. ಶಸ್ತ್ರಚಿಕಿತ್ಸೆಯ ಕೊಠಡಿ ಅದೇ ಅಂತಸ್ತಿನಲ್ಲಿರಬೇಕು. ಸ್ಟ್ರೆಚರು ಬಾಗಿಲಲ್ಲಿ ಒಂದೇ ಸಲಕ್ಕೆ ತಿರುಗಬೇಕು. ಉಸಿರಾಡದ ಕೂಸನ್ನು ಬೆಚ್ಚಗಿಡುವ ಸಾಧನ ಅದೇ ಕೋಣೆಯಲ್ಲಿರಬೇಕು. ನಲ್ಲಿಯನ್ನು ಮೊಣಕೈಯಿಂದಲೇ ತಿರುಗಿಸುವಂತಿರಬೇಕು. ಇದು ವೈದ್ಯರೇ ಹೇಳಬೇಕಾದ ಮಾತು. ಒಬ್ಬಳೇ ದಾದಿ ಆರು ಮಂದಿಯನ್ನು ನೋಡಿಕೊಳ್ಳುವಲ್ಲಿ ಎಲ್ಲರೂ ಒಂದೇ ನೋಟಕ್ಕೆ ಕಾಣಬೇಕೆಂದು ಆಕೆ ಬಯಸಿದರೆ ಅದೂ ನ್ಯಾಯವೇ. ಹೆರುವವಳಿಗೆ ಮರೆ ಬೇಕು, ದಾದಿಗೆ ನೋಟ ಬೇಕು. ಈ ತೊಡಕನ್ನು ಇಂಜಿನಿಯರು ತಮ್ಮ ಕಚೇರಿಯಲ್ಲಿ ಒಬ್ಬರೇ ಕುಳಿತು ಬಿಡಿಸಲಾರರು. ಇಬ್ಬರನ್ನೂ ಕೂಡಿಸಿ, ಬಯಲಿನಲ್ಲಿ ಸುಣ್ಣದ ಗೆರೆ ಎಳೆದು, ರಟ್ಟಿನ ಗೋಡೆ ನಿಲ್ಲಿಸಿ, ನಿಜವಾದ ಮಂಚವನ್ನೇ ತಳ್ಳಿ ನೋಡಿದರೆ ಅರ್ಧ ದಿನದಲ್ಲಿ ಬಗೆಹರಿಯುತ್ತದೆ. ಪರದೇಶಗಳ ಆಸ್ಪತ್ರೆಗಳಲ್ಲಿ ಹೀಗೆ ರಟ್ಟಿನ ಕೋಣೆ ಕಟ್ಟಿ ಪರೀಕ್ಷಿಸುವ ಕ್ರಮ ಈಗ ರೂಢಿಗೆ ಬಂದಿದೆ. ರಟ್ಟಿಗೆ ಎಷ್ಟು ಖರ್ಚು? ಗೋಡೆ ಒಡೆದು ಕಟ್ಟುವುದಕ್ಕೆ ಎಷ್ಟು?

ಶ್ರೀಮಂತ ದೇಶಗಳ ಮಾತು ಬಿಡಿ ಎನ್ನುವವರು ಆಫ್ರಿಕದ ಮಲಾವಿಯನ್ನು ನೋಡಲಿ. ಅಲ್ಲಿನ ಕಸುಂಗು ಎಂಬಲ್ಲಿ ದೂರದ ಹಳ್ಳಿಗಳ ಬಸುರಿಯರು ದಿನ ತುಂಬುವ ಮೊದಲೇ ಆಸ್ಪತ್ರೆಯ ಬಳಿಗೆ ಬಂದು ತಂಗುವುದಕ್ಕೆ, ಮಾಸ್ ಡಿಸೈನ್ ಗ್ರೂಪ್ ಎಂಬ ವಾಸ್ತುಶಿಲ್ಪಿಗಳ ಸಂಸ್ಥೆ ರೂಪಿಸಿದ ವಸತಿ 2015ರಲ್ಲಿ ಸಿದ್ಧವಾಯಿತು. ಎಲ್ಲರನ್ನೂ ತುಂಬುವ ಒಂದೇ ದೊಡ್ಡ ಹಜಾರದ ಬದಲು, ನಾಲ್ಕು ನಾಲ್ಕು ಮಂಚಗಳ ಚಿಕ್ಕ ಮನೆಗಳು, ಅವುಗಳ ನಡುವೆ ಅಂಗಳ. ಹೆತ್ತು ಅನುಭವವುಳ್ಳವರೂ ಚೊಚ್ಚಲಿನವರೂ ಅಂಗಳದಲ್ಲಿ ಒಟ್ಟಿಗೆ ಕುಳಿತು ಮಾತಾಡಲಿ ಎಂಬುದು ಉದ್ದೇಶ. ಜತೆಗೆ ಬರುವ ಮನೆಯವರನ್ನು ಅಲ್ಲಿ ಅಡಚಣೆಯೆಂದು ಎಣಿಸಿಲ್ಲ. ಗೋಡೆ ಮಣ್ಣಿನ ಇಟ್ಟಿಗೆಯದು. ಬಡತನವೇ ಕಾರಣವೆಂದು ಹೇಳಿ ತಪ್ಪಿಸಿಕೊಳ್ಳಲು ನಮಗೆ ಇಲ್ಲಿ ಎಡೆಯಿಲ್ಲ.

ಮನೆಯವರನ್ನು ಕೇಳುವುದೆಂದರೆ ಮನೆಯ ಯಜಮಾನರನ್ನು ಕೇಳುವುದು ಎಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಮೊದಲು ಕೇಳಬೇಕಾದವಳು ಹೆತ್ತವಳು. ಅತ್ತೆಯ ಎದುರಿನಲ್ಲಿ ಆಕೆ ಬಾಯಿ ಬಿಡಲಾರಳು, ಪ್ರತ್ಯೇಕವಾಗಿ ಕೇಳಬೇಕು. ಆಯಾಗಳನ್ನೂ ನೆಲ ತೊಳೆಯುವವರನ್ನೂ ಬಿಡಬಾರದು. ನೀರು ಎಲ್ಲಿ ನಿಲ್ಲುತ್ತದೆಂದು ಅವರಷ್ಟು ಬಲ್ಲವರಿಲ್ಲ. ಇನ್ನು, ಕಟ್ಟಡ ಮುಗಿದ ಮೇಲೆ ಗೋಡೆಗೆ ತೂಗುಹಾಕುವ ಸಲಹಾ ಪೆಟ್ಟಿಗೆಯ ವಿಷಯ ನಾವು ಹೇಳುವುದೇನಿದೆ! ಅದರ ಬೀಗದ ಕೈ ಯಾರಲ್ಲಿದೆಯೆಂದು ಯಾವ ಆಸ್ಪತ್ರೆಯಲ್ಲಿಯಾದರೂ ವಿಚಾರಿಸಿ ನೋಡಬಹುದು.

ಆಸ್ಪತ್ರೆಗಳ ಎದುರಿನ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇನ್ನೊಂದು ಸಂಗತಿ ಚೆನ್ನಾಗಿ ಗೊತ್ತು. ಬೆಳಗಿನ ಐದು ಗಂಟೆಗೆ ಬಾಗಿಲು ತೆರೆಯುವ ಮೊದಲೇ ಫ್ಲಾಸ್ಕು ಹಿಡಿದು ನಿಲ್ಲುವವರು ಚಹಾದ ಗಿರಾಕಿಗಳಲ್ಲ. ಬಾಣಂತಿಗೆ ಬಿಸಿನೀರು ಬೇಡಲು ಬಂದವರು. ಕೋಟ್ಯಂತರ ರೂಪಾಯಿಯ ಕಟ್ಟಡದಲ್ಲಿ ಅವರಿಗೊಂದು ಬಿಸಿನೀರಿನ ನಲ್ಲಿ ಇಲ್ಲ. ಬಂದವರಿಗೆ ನೀರು ಕೊಟ್ಟು ಕಾಸು ಬೇಡವೆನ್ನುವ ಮಾಣಿಗಳನ್ನು ನಾವು ಬಲ್ಲೆವು. ಆದರೆ ಆ ನಲ್ಲಿ ನಕಾಶೆಯಲ್ಲಿಯೇ ಇರಬೇಕಾಗಿತ್ತು.

ನಮ್ಮವರ ಸಂಘ ಸಂಸ್ಥೆಗಳೂ ಆಸ್ಪತ್ರೆಗಳಿಗೆ ವಂತಿಗೆ ಎತ್ತುವುದುಂಟು. ಹಣ ಕೊಡುವ ಮೊದಲು ನಕಾಶೆಯನ್ನು ತರಿಸಿ, ಈಚೆಗೆ ಹೆತ್ತ ನಾಲ್ಕು ಮಂದಿ ಹೆಂಗಸರಿಗೂ ಒಬ್ಬ ವೈದ್ಯರಿಗೂ ಒಬ್ಬ ದಾದಿಗೂ ತೋರಿಸಿದ ಮೇಲೆಯೇ ಕೊಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಅಂತೆಯೇ ಓದುಗರು ಇಂದು ರಾತ್ರಿ ಪಾಳಿ ಮುಗಿಸಿ ಹೋದಾಗ, ಅಥವಾ ಊರಿಗೆ ಫೋನು ಮಾಡಿದಾಗ, ಕಳೆದ ಹೆರಿಗೆಯಲ್ಲಿ ಆಸ್ಪತ್ರೆಯ ಕಟ್ಟಡದಿಂದಾದ ತೊಂದರೆ ಯಾವುದು, ಅನುಕೂಲ ಯಾವುದು ಎಂದು ಹೆಂಡತಿಯನ್ನು ಕೇಳಿ, ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದು ನಮಗೆ ಕಳುಹಿಸಬೇಕು. ಹೆಸರನ್ನು ಪ್ರಕಟಿಸುವುದಿಲ್ಲ. ಆಕೆಯೇ ಬರೆದರೆ ಇನ್ನೂ ಸಂತೋಷ.