ಅಷ್ಟು ವೇಗ ಇದ್ದೂ ಒಂದೂ ದೊಡ್ಡ ಮ್ಯಾಚ್ ಆಡಲಿಲ್ಲ!

62 ಇನ್ನಿಂಗ್ಸ್. 121 ಸ್ಟ್ರೈಕ್‌ಔಟ್. 129 ವಾಕ್. ಈ ಮೂರು ನಂಬರ್ ಸ್ವಲ್ಪ ತಲೆಯಲ್ಲಿಟ್ಟುಕೊಳ್ಳಿ ವೀಕ್ಷಕರೇ. ಇವತ್ತಿನ ಕಥೆ ಇದರೊಳಗೇ ಇದೆ.

ಬೇಸ್‌ಬಾಲ್ ನಮಗೆ ಅಷ್ಟಕ್ಕಷ್ಟೆ. ಹಾಗಾಗಿ ಮೊದಲು ಲೆಕ್ಕ ಬಿಡಿಸ್ತೀನಿ. ಮೂರು ಔಟ್ ಆದರೆ ಒಂದು ತಂಡದ ಸರದಿ ಮುಗಿಯಿತು. ಮೂರು ಸ್ಟ್ರೈಕ್ ಆದರೆ ಬ್ಯಾಟ್ಸ್‌ಮನ್ ಔಟ್, ಅದು ಸ್ಟ್ರೈಕ್‌ಔಟ್. ಪಿಚರ್ ನಾಲ್ಕು ಸಲ ಗುರಿ ತಪ್ಪಿದರೆ ಬ್ಯಾಟ್ಸ್‌ಮನ್‌ಗೆ ಮೊದಲ ಬೇಸ್ ಪುಕ್ಕಟೆ, ಅದು ವಾಕ್. 62 ಇನ್ನಿಂಗ್ಸ್ ಅಂದರೆ 186 ಔಟ್. ಅದರಲ್ಲಿ 121 ಬರೀ ಸ್ಟ್ರೈಕ್‌ಔಟ್! ಅದೇ ಹುಡುಗ 129 ಜನರನ್ನ ಪುಕ್ಕಟೆಯಾಗಿಯೂ ಕಳಿಸಿದ. ಗೆದ್ದದ್ದು ಒಂದು ಮ್ಯಾಚ್, ಸೋತದ್ದು ಎಂಟು.

ಹುಡುಗನ ಹೆಸರು ಸ್ಟೀವ್ ಡಾಲ್ಕೋವ್‌ಸ್ಕಿ. ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ಊರಿನವನು, ಎಡಗೈ ಎಸೆತಗಾರ. 1957ರಲ್ಲಿ, ಹದಿನೆಂಟರ ವಯಸ್ಸಿಗೆ ಬಾಲ್ಟಿಮೋರ್ ಓರಿಯೋಲ್ಸ್ ಕ್ಲಬ್ ಈತನನ್ನ ತೆಗೆದುಕೊಂಡು ಟೆನೆಸ್ಸಿಯ ಕಿಂಗ್ಸ್‌ಪೋರ್ಟ್‌ಗೆ ಕಳಿಸಿತು. ಅದು ಮೈನರ್ ಲೀಗ್. ನಮ್ಮ ರಣಜಿ ಥರ ಅಂದುಕೊಳ್ಳಬೇಡಿ. ರಣಜಿ ತಂಡ ರಾಜ್ಯದ್ದು. ಇಲ್ಲಿ ಮೇಜರ್ ಲೀಗ್ ಕ್ಲಬ್ಬೇ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತಂಡಗಳನ್ನ ಇಟ್ಟುಕೊಂಡಿರುತ್ತೆ. ಸಣ್ಣ ಊರು, ಬಸ್ ಪ್ರಯಾಣ, ಸಣ್ಣ ಸಂಬಳ. ಯಾರನ್ನ ಮೇಲಕ್ಕೆ ಕರೀಬೇಕು ಅನ್ನೋದು ಕ್ಲಬ್ಬಿನ ಕೈಲಿ.

ಎಷ್ಟು ವೇಗ? ಇಂಜಿನಿಯರಿಂಗ್ ಓದಿದವನಿಗೆ ಮೊದಲು ಬರೋ ಪ್ರಶ್ನೆ ಇದೇ. ಪಿಚರ್ ನಿಲ್ಲೋ ಜಾಗದಿಂದ ಹೋಮ್ ಪ್ಲೇಟ್‌ಗೆ 18.44 ಮೀಟರ್. ಗಂಟೆಗೆ 160 ಕಿಲೋಮೀಟರ್ ವೇಗದ ಚೆಂಡಿಗೆ ಇದು ಸುಮಾರು 0.4 ಸೆಕೆಂಡ್ ದಾರಿ. ಡಾಲ್ಕೋವ್‌ಸ್ಕಿ ಇದಕ್ಕಿಂತಲೂ ಜೋರು ಅಂತ ಎದುರಿಗೆ ನಿಂತವರೆಲ್ಲ ಹೇಳ್ತಿದ್ದರು. ಆದರೆ ಆಗ ಮೈದಾನದಲ್ಲಿ ರಾಡಾರ್ ಗನ್ ಇರಲಿಲ್ಲ. 1958ರಲ್ಲಿ ಮೇರಿಲ್ಯಾಂಡ್‌ನ ಅಬರ್ಡೀನ್ ಸೇನಾ ಪರೀಕ್ಷಾ ಕೇಂದ್ರಕ್ಕೆ ಕರಕೊಂಡು ಹೋಗಿ ಅಳೆದರು. ಸಿಕ್ಕಿದ್ದು 93.5 ಮೈಲಿ, ಅಂದರೆ ಸುಮಾರು 150 ಕಿಲೋಮೀಟರ್. ಅಷ್ಟೇನಾ? ತಾಳಿ. ಹಿಂದಿನ ದಿನವಷ್ಟೇ ಮ್ಯಾಚ್ ಆಡಿ ತೋಳು ಸೋತಿತ್ತು. ಎಸೆಯೋಕೆ ಎತ್ತರದ ದಿಬ್ಬ ಇರಲಿಲ್ಲ. ಅಳೆಯೋ ಯಂತ್ರದ ಕಿಂಡಿಯೊಳಗೇ ಚೆಂಡು ಹೋಗಬೇಕಿತ್ತು, ಗುರಿಯೇ ಇಲ್ಲದ ಹುಡುಗ ಎಸೆದೂ ಎಸೆದೂ ಸುಸ್ತಾದ. ತಪ್ಪು ಸ್ಥಿತಿಯಲ್ಲಿ ತೆಗೆದ ರೀಡಿಂಗ್ ಅದು. ಲ್ಯಾಬ್‌ನಲ್ಲಿ ನಾವು ಇಂಥದ್ದು ಬರೆದಿದ್ದರೆ ಮೇಷ್ಟ್ರು ರೆಕಾರ್ಡ್ ಎಸೆದುಬಿಡ್ತಿದ್ದರು!

1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ತಂಡದಲ್ಲಿ 170 ಇನ್ನಿಂಗ್ಸ್: 262 ಸ್ಟ್ರೈಕ್‌ಔಟ್, 262 ವಾಕ್. ಎರಡೂ ಸರಿಸಮ! ತಿದ್ದೋಕೆ ಕೋಚ್‌ಗಳು ಏನೇನೋ ಮಾಡಿದರು, ಯಾವುದೂ ಹತ್ತಲಿಲ್ಲ.

1962ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಅರ್ಲ್ ವೀವರ್ ಅನ್ನೋ ಮ್ಯಾನೇಜರ್ ಸಿಕ್ಕಿದ. ಆತ ಸಲಹೆಗಳ ರಾಶಿ ಹಾಕಲಿಲ್ಲ. ಸ್ವಲ್ಪ ಕಡಿಮೆ ಬಲದಲ್ಲಿ ಗುರಿಗೆ ಹಾಕು ಅಂದ, ಅಷ್ಟೇ. 160 ಇನ್ನಿಂಗ್ಸ್‌ನಲ್ಲಿ ವಾಕ್ 114ಕ್ಕೆ ಇಳಿಯಿತು, ಸ್ಟ್ರೈಕ್‌ಔಟ್ 192. ಐದು ವರ್ಷದಲ್ಲಿ ಯಾರಿಗೂ ಹೊಳೆಯದೇ ಇದ್ದದ್ದು ಇಷ್ಟು ಸರಳವಾಗಿತ್ತಾ ಅಂತ ನನಗೆ ಇವತ್ತಿಗೂ ಸಿಟ್ಟು ಬರುತ್ತೆ.

1963ರ ಮಾರ್ಚ್. ಓರಿಯೋಲ್ಸ್ ಜೆರ್ಸಿಗೆ ಅಳತೆಯೂ ಆಗಿತ್ತು. ಯಾಂಕೀಸ್ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ಎಡ ಮೊಣಕೈಯಲ್ಲಿ ಏನೋ ಪಟ್ಟಂದಿತು. ಇವತ್ತಾಗಿದ್ದರೆ ಟಾಮಿ ಜಾನ್ ಸರ್ಜರಿ ಅಂತ ಒಂದು ದಾರಿ ಇರುತ್ತಿತ್ತು. ಅದನ್ನ ಮೊದಲು ಮಾಡಿದ್ದು 1974ರಲ್ಲಿ. ಮತ್ತೆ ಕೆಳಗಿನ ಲೀಗ್‌ಗಳಲ್ಲಿ ಒಂದಷ್ಟು ದಿನ ಆಡಿದ, ಆ ವೇಗ ವಾಪಸ್ ಬರಲಿಲ್ಲ.

ಆಮೇಲೆ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ, ವರ್ಷಗಟ್ಟಲೆ ಕುಡಿತ, ಕೊನೆಗೆ ಮರೆವು. ಓರಿಯೋಲ್ಸ್‌ನ ಮೈನರ್ ತಂಡಗಳಲ್ಲಿ ಆಡಿದ್ದ ರಾನ್ ಶೆಲ್ಟನ್ ಈ ಕಥೆಗಳನ್ನ ಕೇಳಿಸಿಕೊಂಡಿದ್ದ. 1988ರ 'ಬುಲ್ ಡರ್ಹಮ್' ಸಿನಿಮಾದಲ್ಲಿ ಗುರಿಯಿಲ್ಲದ ಪಿಚರ್ ಪಾತ್ರ ಹುಟ್ಟಿದ್ದು ಅಲ್ಲಿಂದ. ಸಿನಿಮಾದ ಹುಡುಗ ಮೇಜರ್ ಲೀಗ್‌ಗೆ ಹೋಗ್ತಾನೆ.

ಅಸಲಿ ಡಾಲ್ಕೋವ್‌ಸ್ಕಿಯನ್ನ 2003ರಲ್ಲಿ ಓರಿಯೋಲ್ಸ್‌ನವರು ತಮ್ಮ ಮೈದಾನಕ್ಕೆ ಕರೆಸಿ, ಪಂದ್ಯಕ್ಕೆ ಮುಂಚಿನ ಗೌರವದ ಮೊದಲ ಚೆಂಡು ಎಸೆಸಿದರು. 2020ರ ಏಪ್ರಿಲ್‌ನಲ್ಲಿ ನ್ಯೂ ಬ್ರಿಟನ್‌ನಲ್ಲೇ ಕೋವಿಡ್‌ಗೆ ತೀರಿಕೊಂಡಾಗ ವಯಸ್ಸು 80.